ಯಾವ ಊರು ಗೆದ್ದದ್ದು?

ತೀರ್ಥಹಳ್ಳಿಯಿಂದ ಐದನೇ ಕ್ಲಾಸಿನ ಹುಡುಗನೊಬ್ಬ ಪತ್ರ ಬರೆದಿದ್ದಾನೆ. “ಅಜ್ಜಾ, ನೀವು ಯಾವಾಗ ನೋಡಿದ್ರೂ ಬ್ಯಾಂಕು, ಅಡಿಕೆ, ಮಳೆ ಇಷ್ಟೇ ಬರೀತೀರಿ. ಚಿಕ್ಕವರಿದ್ದಾಗ ನೀವು ಯಾವ ಟೀಮಲ್ಲಿ ಆಡ್ತಿದ್ರಿ ಹೇಳಿ” ಎಂದು ಕೇಳಿದ್ದಾನೆ. ಪತ್ರ ಬಂದು ಮೂರು ವಾರವಾಯಿತು. ಉತ್ತರ ಕೊಡದೆ ಇದ್ದದ್ದು ಸೊಕ್ಕಿನಿಂದಲ್ಲ ಮಗೂ. ನಾನು ಈ ಅಂಕಣ ಬರೆಯಲು ಕೂರುವುದು ಶನಿವಾರ ರಾತ್ರಿ, ಊಟವಾದ ಮೇಲೆ. ಸೆಪ್ಟೆಂಬರಿನಿಂದ ಈಚೆಗೆ ನನ್ನ ಶನಿವಾರ ರಾತ್ರಿಗಳನ್ನೆಲ್ಲ ಫುಟ್‌ಬಾಲ್ ತಿಂದುಹಾಕಿದೆ.

ನಗಬೇಡಿ. ಗಣಪತಿ ಕೆರೆಯ ಹತ್ತಿರ ಎರಡು ಸುತ್ತು ನಡೆದರೆ ಮೊಣಕಾಲು ಹಿಡಿದುಕೊಳ್ಳುವ 74 ವರ್ಷದ ಮುದುಕ ಆಡುತ್ತಾನೆ ಅಂತ ಹೇಳಲಿಲ್ಲ. ನೋಡುತ್ತಾನೆ. ಅದೂ ಅಂಗೈಯಗಲದ ಫೋನಿನಲ್ಲಿ. ಆಡುವವಳು ನಮ್ಮ ಪುಟ್ಟಿ, ನನ್ನ ಮಗನ ಮಗಳು. ವಯಸ್ಸು 9. ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಶನಿವಾರ ಬೆಳಗ್ಗೆ 9 ಗಂಟೆಗೆ ಸೀಟಿ ಊದಿದರೆ ಇಲ್ಲಿ ಸಾಗರದಲ್ಲಿ ರಾತ್ರಿ 9.30. ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ನಮಗೆ 10.30. ಮೂವತ್ತೈದು ವರ್ಷ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದವನಿಗೆ ಈ ಗಡಿಯಾರ ತಿರುಗಿಸುವ ವ್ಯವಹಾರ ಇನ್ನೂ ಜೀರ್ಣವಾಗಿಲ್ಲ, ಅದು ಬೇರೆ ಮಾತು.

ಮಗ ಸೊಸೆ ಅಲ್ಲಿಗೆ ಹೋಗಿ ಒಂದೂವರೆ ವರ್ಷವಾಯಿತು. ಬೆಂಗಳೂರಿನಲ್ಲಿದ್ದಾಗ ಪುಟ್ಟಿಯ ಬಾಯಿ ಮುಚ್ಚಿಸುವುದೇ ಕಷ್ಟವಿತ್ತು. ರಜೆಗೆ ಸಾಗರಕ್ಕೆ ಬಂದರೆ ಪಕ್ಕದ ಮನೆಯ ಬೆಕ್ಕನ್ನೂ ಕೂರಿಸಿಕೊಂಡು ಶಾಲೆಯ ವರದಿ ಒಪ್ಪಿಸುತ್ತಿದ್ದಳು. ಅಂಥವಳು ಅಲ್ಲಿಗೆ ಹೋದ ಎರಡು ತಿಂಗಳಿಗೆ ಫೋನಿನಲ್ಲಿ “ಹೂಂ”, “ಉಹೂಂ” ಎನ್ನುವುದಕ್ಕೆ ಬಂದಳು. ಕಾರಣ ಬಹಳ ಸಣ್ಣದು. ಶಾಲೆಯ ಮೊದಲ ವಾರ ಅವಳು ಕುಡಿಯಲು ನೀರು ಕೇಳಿದಳಂತೆ. ನಾವು “ವಾಟರ್” ಅನ್ನುವುದನ್ನು ಅವರು “ವಾಡರ್” ಎನ್ನುತ್ತಾರೆ. ಕೇಳಿಸಿಕೊಂಡವರು ಮೂರು ಸಲ “ಏನು? ಏನು?” ಅಂದರು. ಯಾರೂ ಹಂಗಿಸಲಿಲ್ಲ, ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಆದರೆ ಸುತ್ತ ಇದ್ದವರು ನಕ್ಕರು. ಅವತ್ತಿನಿಂದ ಪುಟ್ಟಿ ಶಾಲೆಯಲ್ಲಿ ತಲೆಯಾಡಿಸಿ, ಕೈ ತೋರಿಸಿ ಕಾಲ ಹಾಕಿದಳು. ಪಾಠ ಬರೆಯುತ್ತಾಳೆ, ಲೆಕ್ಕ ಮಾಡುತ್ತಾಳೆ, ಬಾಯಿ ಬಿಡುವುದಿಲ್ಲ. ಒಂದು ವರ್ಷ!

ಜೂನ್‌ನಲ್ಲಿ ಒಂದು ರಾತ್ರಿ ಮಗ ಫೋನ್ ಮಾಡಿದ. “ಅಪ್ಪಾ, ಅವಳನ್ನು ಒಂದೆರಡು ವರ್ಷ ನಿಮ್ಮ ಹತ್ತಿರ ಬಿಡಲಾ?” ಅಂದ.

ಈಗ ಅಜ್ಜ ಅಜ್ಜಿಯರಿಗೆ ಮಾತ್ರ ಒಂದು ಗುಟ್ಟು ಹೇಳುತ್ತೇನೆ. ಮಗು ಅಲ್ಲಿ ಕಷ್ಟದಲ್ಲಿದೆ ಎಂದು ಕೇಳಿದಾಗ ಮೊದಲು ಆಗಬೇಕಾದದ್ದು ಸಂಕಟ. ನನಗೆ ಆದದ್ದು ಖುಷಿ. ಆಮೇಲೆ ಸಂಕಟವಾಯಿತು. ನಮ್ಮನೆ ಅಜ್ಜಿಯದೂ ಅದೇ ಕಥೆ. ಮಾರನೇ ದಿನವೇ ನಾನು ಇಲ್ಲಿನ ಒಂದು ಶಾಲೆಗೆ ಹೋಗಿ ಅಪ್ಲಿಕೇಶನ್ ಫಾರಂ ತಂದೆ. ಹಿಂದಿನ ಕೋಣೆಯ ಮಂಚಕ್ಕೆ ಬಣ್ಣ ಹೊಡೆಸಿದೆವು. ಗೋರಂಟಿ ಬಣ್ಣ. ಅಜ್ಜಿ ಆರಿಸಿದ್ದು.

ಸೊಸೆ ಒಪ್ಪಲಿಲ್ಲ. “ಒಂದು ಸೀಸನ್ ನೋಡೋಣ ಮಾವ. ಇಲ್ಲಿ ಬೀದಿ ಮಕ್ಕಳೆಲ್ಲ ಸಾಕರ್ ಆಡ್ತಾರೆ, ಅದಕ್ಕೆ ಸೇರಿಸ್ತೀನಿ. ಆಗಲೂ ಹೀಗೇ ಇದ್ರೆ ಡಿಸೆಂಬರಿಗೆ ನಾನೇ ಕರ್ಕೊಂಡು ಬಂದು ಬಿಡ್ತೀನಿ” ಅಂದಳು. ನಾವು ಫುಟ್‌ಬಾಲ್ ಎನ್ನುವುದನ್ನು ಅಮೆರಿಕದವರು ಸಾಕರ್ ಎನ್ನುತ್ತಾರೆ. ಅವರು ಫುಟ್‌ಬಾಲ್ ಎನ್ನುವ ಆಟದಲ್ಲಿ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದುಕೊಂಡು ಓಡುತ್ತಾರೆ. ಯಾಕೆ ಅಂತ ನನ್ನನ್ನು ಕೇಳಬೇಡಿ.

ನಾನು ಸುಮ್ಮನಿರಬಹುದಿತ್ತು. “ಆಟಕ್ಕೆ ಸೇರಿಸೋದಾದ್ರೆ ಕ್ರಿಕೆಟ್ಟಿಗೆ ಸೇರಿಸಿ. ಅಲ್ಲಿ ನಮ್ಮವರೇ ನಡೆಸೋ ಅಕಾಡೆಮಿ ಇದ್ಯಂತಲ್ಲ. ಆ ರಚಿನ್ ರವೀಂದ್ರನ್ನ ನೋಡು” ಅಂದೆ.

ರಚಿನ್ ರವೀಂದ್ರ ಯಾರು ಅಂತ ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ. ಅಜ್ಜಿಯರಿಗೆ ಹೇಳುತ್ತೇನೆ. ಅಪ್ಪ ರವಿ ಕೃಷ್ಣಮೂರ್ತಿ ಬೆಂಗಳೂರಿನವರು. ಸಾಫ್ಟ್‌ವೇರ್ ಕೆಲಸ, ಕ್ರಿಕೆಟ್ ಹುಚ್ಚು. 1990ರ ದಶಕದಲ್ಲಿ ನ್ಯೂಜಿಲೆಂಡಿಗೆ ಹೋಗಿ ವೆಲಿಂಗ್ಟನ್ನಿನಲ್ಲಿ ನೆಲೆಸಿದರು. ಮಗ ಹುಟ್ಟಿದ್ದು ಅಲ್ಲೇ, 1999ರ ನವೆಂಬರಿನಲ್ಲಿ. ರಾಹುಲ್ ದ್ರಾವಿಡ್‌ನ ‘ರ’, ಸಚಿನ್ ತೆಂಡೂಲ್ಕರ್‌ನ ‘ಚಿನ್’ ಸೇರಿಸಿ ಹೆಸರಿಟ್ಟರು ಎಂದು ಪತ್ರಿಕೆಗಳೆಲ್ಲ ಬರೆದವು. ಹಾಗೇನಿಲ್ಲ, ಹೆಸರು ಕೇಳಲು ಚೆನ್ನಾಗಿತ್ತು, ಬರೆಯಲು ಸುಲಭವಿತ್ತು, ಇಟ್ಟೆವು ಎಂದು ಆಮೇಲೆ ಅಪ್ಪನೇ ಹೇಳಿದರು. ಅವರು ಅಲ್ಲಿ ಹಟ್ ಹಾಕ್ಸ್ ಎಂಬ ಕ್ಲಬ್ ಕಟ್ಟಿದರು. ಅಲ್ಲಿನ ಹುಡುಗರನ್ನು ಕರೆದುಕೊಂಡು ಭಾರತಕ್ಕೆ ಬಂದು ಅನಂತಪುರದಲ್ಲಿ, ಬೆಂಗಳೂರಿನಲ್ಲಿ ಆಡಿಸುತ್ತಿದ್ದರು. ಆ ಗುಂಪಿನಲ್ಲಿ ರಚಿನ್ ಕೂಡ ಬರುತ್ತಿದ್ದ.

ಅದೇ ಹುಡುಗ 2023ರ ವಿಶ್ವಕಪ್ಪಿನಲ್ಲಿ ಮೂರು ಶತಕ ಹೊಡೆದ. ಒಟ್ಟು 578 ರನ್. ಮೂರನೇ ಶತಕ ನವೆಂಬರ್ 4ರಂದು ನಮ್ಮ ಚಿನ್ನಸ್ವಾಮಿ ಮೈದಾನದಲ್ಲೇ, ಪಾಕಿಸ್ತಾನದ ಮೇಲೆ, 108. ನ್ಯೂಜಿಲೆಂಡ್ 401 ರನ್ ಮಾಡಿತು, ಆದರೂ ಮಳೆ ಬಂದು, ಮಳೆಯ ಲೆಕ್ಕಾಚಾರದಲ್ಲಿ ಸೋತಿತು. 401 ಮಾಡಿ ಸೋಲುವುದೆಂದರೆ! ನನ್ನ ಬಿ.ಕಾಂ. ಓದಿಗೂ ಆ ಲೆಕ್ಕ ದಕ್ಕಲಿಲ್ಲ. ಅದೇ ದಿನಗಳಲ್ಲಿ ಅವನು ಬೆಂಗಳೂರಿನ ಅಜ್ಜನ ಮನೆಗೆ ಹೋದಾಗ ಅಜ್ಜಿ ಸೋಫಾದ ಮೇಲೆ ಕೂರಿಸಿ ದೃಷ್ಟಿ ತೆಗೆದ ವಿಡಿಯೊ ಊರೆಲ್ಲ ಓಡಾಡಿತು. ನಮ್ಮನೆ ಅಜ್ಜಿ ಅದನ್ನು ಎಷ್ಟು ಸಲ ನೋಡಿದಳೋ ಲೆಕ್ಕವಿಲ್ಲ. ಆ ಹುಡುಗನ ಶತಕ ಒಂದನ್ನೂ ಅವಳು ನೋಡಿಲ್ಲ.

ಮರು ವರ್ಷ, 2024ರ ಅಕ್ಟೋಬರಿನಲ್ಲಿ, ಅದೇ ಬೆಂಗಳೂರಿನಲ್ಲಿ ಟೆಸ್ಟ್. ಭಾರತ 46ಕ್ಕೆ ಆಲೌಟ್. ರಚಿನ್ 134. ನ್ಯೂಜಿಲೆಂಡ್ 8 ವಿಕೆಟ್‌ಗಳಿಂದ ಗೆದ್ದಿತು. ಭಾರತದ ನೆಲದಲ್ಲಿ ಅವರು ಟೆಸ್ಟ್ ಗೆದ್ದು 36 ವರ್ಷವಾಗಿತ್ತು. ಆಗ ಸಾಗರದ ಪೇಟೆಯಲ್ಲಿ, ನಾವು ಮುದುಕರು ಸೇರುವ ಹೋಟೆಲಿನಲ್ಲಿ, ದೊಡ್ಡ ವಾದ. “ನಮ್ಮ ಹುಡುಗ ಹೊಡೆದ” ಎಂದು ಒಬ್ಬರು. “ಯಾವ ನಮ್ಮ ಹುಡುಗ? ನಮ್ಮನ್ನೇ ಸೋಲಿಸಿದ್ದಾನೆ ಮಾರಾಯ್ರೆ” ಎಂದು ಇನ್ನೊಬ್ಬರು. ಮೂರನೆಯವರು ಚಿಕ್ಕಮಗಳೂರಿನ ಕಡೆಯ ನೊಸ್ತುಷ್ ಕೆಂಜಿಗೆಯನ್ನು ಎಳೆದು ತಂದರು. ಅವರದು ತಿರುಗುಮುರುಗು ಕಥೆ: ಹುಟ್ಟಿದ್ದು ಅಮೆರಿಕದಲ್ಲಿ, ಬೆಳೆದದ್ದು ಇಲ್ಲಿ, ಮತ್ತೆ ಅಲ್ಲಿಗೆ ಹೋಗಿ 2024ರ ಜೂನ್‌ನಲ್ಲಿ ಅಮೆರಿಕದ ಪರವಾಗಿ ಪಾಕಿಸ್ತಾನದ ಮೂರು ವಿಕೆಟ್ ಕಿತ್ತರು. ಕಾಫಿ ಆರಿತು, ವಾದ ಮುಗಿಯಲಿಲ್ಲ.

ಇದನ್ನೆಲ್ಲ ನಾನು ಸೊಸೆಗೆ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿ ಅಂದಳು, “ಮಾವ, ರಚಿನ್ ಆಡಿದ್ದು ಅವನಿದ್ದ ಊರಿನ ಮಕ್ಕಳು ಆಡೋ ಆಟವನ್ನೇ ಅಲ್ವಾ? ನ್ಯೂಜಿಲೆಂಡಲ್ಲಿ ಎಲ್ಲರೂ ಕ್ರಿಕೆಟ್ ಆಡ್ತಾರೆ. ಇಲ್ಲಿ ಕ್ರಿಕೆಟ್ಟಿಗೆ ಹಾಕಿದ್ರೆ ಇವಳು ನಮ್ಮವರ ಮಕ್ಕಳ ಮಧ್ಯೆಯೇ ಇರ್ತಾಳೆ. ಪಕ್ಕದ ಮನೆ ಹುಡುಗಿ ಜೊತೆ ಮಾತಾಡೋದು ಯಾವಾಗ?”

ನಾನು ಎಸೆದ ಚೆಂಡನ್ನು ನನಗೇ ತಿರುಗಿಸಿ ಹೊಡೆದಳು. ಸುಮ್ಮನಾದೆ.

ಅವಳನ್ನು ಸೇರಿಸಿದ್ದು ಅಮೆರಿಕನ್ ಯೂತ್ ಸಾಕರ್ ಆರ್ಗನೈಸೇಷನ್ ಎಂಬ ಸಂಸ್ಥೆಯ ಅಲ್ಲಿನ ಶಾಖೆಗೆ. ಎ.ವೈ.ಎಸ್.ಒ. ಅಂತ ಚಿಕ್ಕದಾಗಿ ಕರೆಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲೇ 1964ರಲ್ಲಿ ಬರೀ 9 ತಂಡಗಳಿಂದ ಶುರುವಾದದ್ದು. 1964 ಎಂದು ಕೇಳಿದಾಗ ನನಗೆ ಬೇರೇನೋ ನೆನಪಾಯಿತು, ಅದನ್ನು ಆಮೇಲೆ ಹೇಳುತ್ತೇನೆ. ಅವರ ಮೊದಲ ನಿಯಮ ಏನು ಗೊತ್ತೇ ಮಕ್ಕಳೇ? ಎಲ್ಲರೂ ಆಡಬೇಕು. ತಂಡಕ್ಕೆ ಸೇರಿದ ಮಗು, ಅದಕ್ಕೆ ಚೆನ್ನಾಗಿ ಬರಲಿ ಬಿಡಲಿ, ಪ್ರತಿ ಪಂದ್ಯದಲ್ಲೂ ಕಡಿಮೆಯೆಂದರೆ ಅರ್ಧ ಆಟ ಆಡಲೇಬೇಕು. ಗೆಲ್ಲುವ ಆಸೆಗೆ ಬಡಕಲ ಮಗುವನ್ನು ಬೆಂಚಿನ ಮೇಲೆ ಕೂರಿಸಿಯೇ ಇಡುವಂತಿಲ್ಲ. ನಮ್ಮ ಶಾಲೆಗಳಲ್ಲಿ ‘ಎಕ್ಸ್‌ಟ್ರಾ’ ಎಂದು ಹೆಸರು ಬರೆಸಿಕೊಂಡು ಮೂರು ವರ್ಷ ಉಳಿದವರ ಚಪ್ಪಲಿ ಕಾಯ್ದವರು ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡೋಣ.

ಪುಟ್ಟಿಯ ವಯಸ್ಸಿನವರಿಗೆ ಒಂದು ಕಡೆಗೆ ಏಳೇ ಜನ. ಮೈದಾನವೂ ಚಿಕ್ಕದು, ಚೆಂಡೂ ಚಿಕ್ಕದು. ಒಂದು ಅರ್ಧ ಅಂದರೆ 25 ನಿಮಿಷ. ಚೆಂಡಿಗೆ ತಲೆ ಕೊಡುವಂತಿಲ್ಲ. ಚಿಕ್ಕ ಮಕ್ಕಳ ಮಿದುಳಿಗೆ ಪೆಟ್ಟು ಎಂದು ಹತ್ತು ವರ್ಷದೊಳಗಿನವರಿಗೆ ಅದನ್ನು ನಿಲ್ಲಿಸಿದ್ದಾರೆ. ತರಬೇತಿ ಕೊಡುವವರು, ಸೀಟಿ ಊದುವವರು ಎಲ್ಲ ಮಕ್ಕಳ ಅಪ್ಪ ಅಮ್ಮಂದಿರೇ, ಸಂಬಳವಿಲ್ಲ. ಪುಟ್ಟಿಯ ತಂಡದ ಕೋಚ್ ಒಬ್ಬ ಹುಡುಗಿಯ ತಾಯಿ, ಆಸ್ಪತ್ರೆಯಲ್ಲಿ ನರ್ಸ್. ನನ್ನ ಮಗನಿಗೂ ಒಂದು ಬಾವುಟ ಕೊಟ್ಟು ಗೆರೆಯ ಪಕ್ಕ ಓಡಲು ಹಚ್ಚಿದ್ದಾರೆ. ಶಾಲೆಯಲ್ಲಿ ಡ್ರಿಲ್ ಪಿರಿಯಡ್ಡಿಗೆ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದವನು! ಮೊದಲ ಶನಿವಾರ ಆ ದೃಶ್ಯ ನೋಡಿ ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಆಟದ ಕೊನೆಗೆ ಮಕ್ಕಳಿಗೆ ತಿಂಡಿ ಕೊಡುವುದು ಒಂದೊಂದು ವಾರ ಒಂದೊಂದು ಮನೆಯ ಸರದಿ. ನಮ್ಮ ಸರದಿಗೆ ಶೇಂಗಾ ಉಂಡೆ ಕಳಿಸುತ್ತೇನೆಂದು ಅಜ್ಜಿ ಒಂದು ಸೇರು ಶೇಂಗಾ ಹುರಿದೂ ಆಗಿತ್ತು. ಬೇಡವೇ ಬೇಡ ಎಂದು ಸೊಸೆ ಹೇಳಿದಳು. ಅಲ್ಲಿ ಕೆಲವು ಮಕ್ಕಳಿಗೆ ಶೇಂಗಾ ಆಗುವುದಿಲ್ಲ, ಒಂದು ಕಾಳು ತಿಂದರೆ ಉಸಿರು ಕಟ್ಟುವಷ್ಟು. ತಂಡದಲ್ಲಿ ಅಂಥ ಮಗು ಒಂದಿತ್ತು. ಕೊನೆಗೆ ಹೋದದ್ದು ಹಲಸಿನ ಹಪ್ಪಳ. ಆ ಮಕ್ಕಳು ಮೊದಲು ಬೆರಳಲ್ಲಿ ತಟ್ಟಿ ನೋಡಿದವಂತೆ, ಆಮೇಲೆ ಡಬ್ಬ ಬಡಿದು ನೋಡಿದವಂತೆ ಇನ್ನೂ ಇದೆಯಾ ಅಂತ.

ಇರಲಿ, ತಿಂಡಿಯ ವಿಷಯಕ್ಕೆ ಹೋದರೆ ನಾನು ವಾಪಸ್ ಬರುವುದು ತಡ.

ಮೊದಲ ಮೂರು ಪಂದ್ಯ ಪುಟ್ಟಿ ಮೈದಾನದ ಒಂದು ಮೂಲೆಯಲ್ಲಿ, ಬೆದೆಗಟ್ಟೆಯ ಹಾಗೆ ನಿಂತಿದ್ದಳು. ಚೆಂಡು ಹತ್ತಿರ ಬಂದರೆ ಕಾಲು ಎಳೆದುಕೊಳ್ಳುತ್ತಿದ್ದಳು. ನಾನು ಫೋನಿನಲ್ಲಿ “ಗೆದ್ರಾ?” ಎಂದು ಕೇಳುವುದು, ಅವಳು “ಉಹೂಂ” ಎನ್ನುವುದು. ಮೂರನೇ ವಾರ ಸೊಸೆ ಬೇರೆಯಾಗಿ ಫೋನ್ ಮಾಡಿ, “ಮಾವ, ಗೆದ್ರಾ ಸೋತ್ರಾ ಅಂತ ಮೊದಲೇ ಕೇಳಬೇಡಿ” ಅಂದಳು.

“ಮತ್ತೆಂತ ಕೇಳಲಿ?”

“ಎಂತ ತಿಂದ್ರಿ ಅಂತ ಕೇಳಿ.”

ಅಷ್ಟು ಸುಲಭದ ಉಪಾಯ ನನಗೆ ಹೊಳೆದಿರಲಿಲ್ಲ. ಕೇಳಿದೆ. “ಕಿತ್ತಳೆ ಸೊಳೆ” ಅಂದಳು. ಎರಡು ಶಬ್ದ! ಅರ್ಧ ಆಟಕ್ಕೆ ಬಿಡುವು ಕೊಟ್ಟಾಗ ಅಲ್ಲಿ ಕಿತ್ತಳೆ ಹಣ್ಣು ಕೊಯ್ದು ಕೊಡುವುದು ಹಳೇ ವಾಡಿಕೆಯಂತೆ.

ನಾಲ್ಕನೇ ಪಂದ್ಯದಲ್ಲಿ ಕೋಚ್ ಬಾಯಿ ಅವಳಿಗೆ ಕೈಗವಸು ಹಾಕಿ ಗೋಲಿನ ಮುಂದೆ ನಿಲ್ಲಿಸಿದಳು. ಗೋಲ್‌ಕೀಪರ್. ಎಲ್ಲ ಮಕ್ಕಳಿಗೂ ಸರದಿಯ ಮೇಲೆ ಆ ಜಾಗ ಬರುತ್ತದೆ, ಅವತ್ತು ಇವಳ ಸರದಿ. ನನಗೆ ಸಿಟ್ಟೇ ಬಂತು. ಬಾಯಿ ಬಿಡದ ಮಗುವನ್ನು ಒಂಟಿಯಾಗಿ ಅಲ್ಲಿ ನಿಲ್ಲಿಸುವುದೇ? ಆದರೆ ಆ ಕೆಲಸಕ್ಕೆ ಒಂದು ಷರತ್ತಿದೆ, ಮಕ್ಕಳೇ, ಅದು ನನಗೆ ಗೊತ್ತಿರಲಿಲ್ಲ. ಚೆಂಡು ಹಿಡಿಯಲು ಮುಂದೆ ನುಗ್ಗುವಾಗ ಗೋಲ್‌ಕೀಪರ್ “ಕೀಪರ್!” ಎಂದು ಜೋರಾಗಿ ಕೂಗಬೇಕು. ಕೂಗಿದರೆ ತನ್ನ ಕಡೆಯವರು ದಾರಿ ಬಿಡುತ್ತಾರೆ. ಕೂಗದಿದ್ದರೆ ಎಲ್ಲರೂ ಒಟ್ಟಿಗೆ ಚೆಂಡಿನ ಮೇಲೆ ಬಿದ್ದು ತಲೆ ತಲೆ ಒಡೆದುಕೊಳ್ಳುತ್ತಾರೆ.

ಮೊದಲ ಗೋಲು ಹೋಯಿತು, ಪುಟ್ಟಿ ಕೂಗಲಿಲ್ಲ. ಎರಡನೆಯದು, ಮೂರನೆಯದು. ನಾನು ಹಳೇ ಚಾಳಿಯಂತೆ ಕ್ಯಾಲೆಂಡರಿನ ಹಿಂದೆ ಗೀಟು ಹಾಕುತ್ತಿದ್ದೆ. ನಾಲ್ಕನೆಯ ಸಲ ಎದುರು ತಂಡದ ಒಬ್ಬ ಎತ್ತರದ ಹುಡುಗಿ ಚೆಂಡು ತರುತ್ತಿದ್ದಾಳೆ, ಇವಳ ತಂಡದವಳೇ ಒಬ್ಬಳು ಹಿಂದೆ ಹಿಂದೆ ಓಡಿ ಬಂದು ಇವಳ ಮೇಲೇ ಬೀಳುವುದರಲ್ಲಿದ್ದಾಳೆ. ಆಗ ಫೋನಿನಿಂದ ಒಂದು ದನಿ ಬಂತು. “ಕೀಪರ್!”

ಅಜ್ಜಿ ಅಡುಗೆಮನೆಯಿಂದ ಓಡಿ ಬಂದಳು. “ಯಾರು ಕೂಗಿದ್ದು? ಪುಟ್ಟಿಯಾ?”

ಪುಟ್ಟಿಯೇ. ಚೆಂಡು ಮಾತ್ರ ಕೈಗೆ ಸಿಗಲಿಲ್ಲ, ನಾಲ್ಕನೇ ಗೋಲೂ ಆಯಿತು. 0–4. ಆಟ ಮುಗಿದು ಎರಡೂ ಕಡೆಯವರು ಸಾಲಾಗಿ ಬಂದು ಅಂಗೈ ತಟ್ಟಿಕೊಂಡು ಹೋದರು. ಆ ಎತ್ತರದ ಹುಡುಗಿ ಇವಳ ಹತ್ತಿರ ನಿಂತು ಏನೋ ಹೇಳಿದಳು, ಇವಳೂ ಏನೋ ಹೇಳಿದಳು. ಏನೆಂದು ಕೇಳಿಸಲಿಲ್ಲ. ತುಟಿ ಆಡಿದ್ದು ಕಂಡಿತು. ನನ್ನ ಗೀಟುಗಳ ಪಕ್ಕ ಅದನ್ನು ಎಲ್ಲಿ ಬರೆಯಬೇಕೋ ತಿಳಿಯಲಿಲ್ಲ.

ತೀರ್ಥಹಳ್ಳಿಯ ಹುಡುಗನೇ, ಈಗ ನಿನ್ನ ಪ್ರಶ್ನೆಗೆ ಬಂದೆ.

ನಾನು ಹುಟ್ಟಿದ ಊರು ಹೊಸನಗರ ತಾಲ್ಲೂಕಿನಲ್ಲಿ, ಶರಾವತಿಯ ದಡದಲ್ಲಿತ್ತು. ‘ಇತ್ತು’ ಎಂದೇ ಬರೆಯಬೇಕು. ಶರಾವತಿ ಹುಟ್ಟುವುದು ನಿಮ್ಮ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ, ಬೀಳುವುದು ನಮ್ಮ ಸಾಗರ ತಾಲ್ಲೂಕಿನ ಜೋಗದಲ್ಲಿ. ನಡುವೆ ಲಿಂಗನಮಕ್ಕಿ ಅಣೆಕಟ್ಟು ಎದ್ದದ್ದು 1964ರಲ್ಲಿ. ಕರೆಂಟು ಬೇಕಿತ್ತು, ನೀರು ನಿಂತಿತು, ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಊರು, ಗದ್ದೆ, ತೋಟಗಳು ಮುಳುಗಿದವು. ನಮ್ಮ ಕಡೆ ಅದಕ್ಕೆಲ್ಲ ಒಂದೇ ಹೆಸರು, ಮುಳುಗಡೆ. ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಅದಕ್ಕಿಂತ ಹಳೆಯ ಮಡೆನೂರು ಅಣೆಕಟ್ಟು ಇವತ್ತಿಗೂ ತಲೆ ಎತ್ತುತ್ತದೆ. ನೀರು ಬರುವ ಮೊದಲೇ ನಾವು ಎದ್ದೆವು. 1962ರ ಸುಮಾರು, ನನಗೆ 11 ವರ್ಷ. ಅಪ್ಪ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಗುರುತು ಪರಿಚಯವಿಲ್ಲದ ಒಂದು ಊರಿನಲ್ಲಿ ಸ್ವಲ್ಪ ಜಮೀನು ಹಿಡಿದರು. ಎತ್ತಿನ ಗಾಡಿಯಲ್ಲಿ ಒರಳುಕಲ್ಲು, ಅಜ್ಜಿ, ನಾನು.

ದೂರ ಎಷ್ಟು? ಇವತ್ತು ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟು. ಭಾಷೆಯೂ ಅದೇ. ಆದರೂ ಆ ಶಾಲೆಯಲ್ಲಿ ನನಗೆ ಹೆಸರಿರಲಿಲ್ಲ. “ಏ ಮುಳುಗಡೆ” ಎಂದೇ ಕರೆಯುತ್ತಿದ್ದರು. ನಾನು ಮಾತಾಡುವುದನ್ನು ಬಿಟ್ಟಿದ್ದೆ. ಪುಟ್ಟಿಯ ವಿಷಯ ಕೇಳಿದಾಗ ಇದು ನೆನಪಾಗಬೇಕಿತ್ತು. ಆಗಲಿಲ್ಲ, 1964 ಎಂಬ ಅಂಕಿ ಕಂಡ ಮೇಲೆ ಆಯಿತು. ಬ್ಯಾಂಕಿನವರ ತಲೆ ಹೀಗೆಯೇ.

ಗದ್ದೆ ಕೊಯ್ಲಾದ ಮೇಲೆ ಅಲ್ಲಿ ಹುಡುಗರು ಕಬಡ್ಡಿ ಆಡುತ್ತಿದ್ದರು. ಪಕ್ಕದ ಊರಿನವರ ಮೇಲೆ ಪಂದ್ಯ ಇಟ್ಟಿದ್ದ ದಿನ ಒಬ್ಬನಿಗೆ ಸಿಡುಬಿನಂಥ ಬೊಕ್ಕೆ ಎದ್ದು ಮಲಗಿದ. ಕಬಡ್ಡಿಗೂ ಏಳೇ ಜನ ನೋಡಿ. ಆರಾದರು. ಬೇಲಿಯ ಮೇಲೆ ಕೂತಿದ್ದ ನನ್ನನ್ನು ನೋಡಿ ದೊಡ್ಡ ಹುಡುಗನೊಬ್ಬ, “ಏ ಮುಳುಗಡೆ, ಲೆಕ್ಕಕ್ಕೆ ನಿಂತ್ಕೋ ಬಾ” ಅಂದ.

ಲೆಕ್ಕಕ್ಕೆ ನಿಂತೆ. ಒಬ್ಬೊಬ್ಬರಾಗಿ ನಮ್ಮವರು ಔಟಾಗಿ ನಾನು ಇನ್ನೊಬ್ಬ ಉಳಿದೆವು. ದಾಳಿಗೆ ನಾನೇ ಹೋಗಬೇಕಾಯಿತು. ಕಬಡ್ಡಿಯಲ್ಲಿ ಉಸಿರು ಬಿಡದೆ “ಕಬಡ್ಡಿ ಕಬಡ್ಡಿ” ಎನ್ನುತ್ತಲೇ ಇರಬೇಕಲ್ಲ, ದನಿ ನಿಂತರೆ ಔಟ್. ತಿಂಗಳುಗಟ್ಟಲೆ ಬಾಯಿ ಬಿಡದವನು ಎಲ್ಲರೆದುರು ಕೂಗಬೇಕು. ಶುರು ಮಾಡಿದೆ. ನಿಲ್ಲಿಸಲೇ ಇಲ್ಲ. ಶರಾವತಿಯಲ್ಲಿ ಮುಳುಗಿ ತಳದ ಬಿಳಿ ಕಲ್ಲು ತರುವುದು ನಮ್ಮೂರಿನ ಹುಡುಗರ ದಿನದ ಆಟವಾಗಿತ್ತು, ಆ ಉಸಿರು ಎದೆಯಲ್ಲಿ ಇನ್ನೂ ಇತ್ತು. ಎದುರಿನವರು ನನ್ನ ದನಿ ನಿಲ್ಲುತ್ತದೆ ಎಂದು ಕಾದರು. ಕಾದವರಲ್ಲಿ ಇಬ್ಬರನ್ನು ಮುಟ್ಟಿ ಗೆರೆ ದಾಟಿ ಬಂದೆ. ಅದೇ ದೊಡ್ಡ ಹುಡುಗ ನನ್ನ ಬೆನ್ನಿಗೆ ಗುದ್ದಿ, “ಇವನಿಗೆ ಎಂತಾ ಉಸಿರು ಮಾರಾಯ, ಮುಳುಗಡೆ ಅಂದ್ರೆ ಮುಳುಗಡೆಯೇ” ಅಂದ. ಅವತ್ತು ಅದು ಬೈಗುಳದ ಹಾಗೆ ಕೇಳಿಸಲಿಲ್ಲ. ನಾನು ಆಡಿದ ಟೀಮು ಅದೇ ಮಗೂ. ಹೆಸರಿರಲಿಲ್ಲ, ಅಂಗಿಯೂ ಇರಲಿಲ್ಲ, ಚಡ್ಡಿ ಮಾತ್ರ.

ಮನೆಗೆ ಓಡಿ ಹೋದೆ. ಅಜ್ಜಿ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದಳು. “ಅಜ್ಜೀ, ನಮ್ಮೂರು ಗೆದ್ದಿತು!” ಎಂದು ಕೂಗಿದೆ.

ಅಜ್ಜಿ ತಲೆ ಎತ್ತಿ ಕೇಳಿದಳು. “ಯಾವ ಊರು?”

ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದಳು. ನನಗೆ ಉತ್ತರ ಹೊಳೆಯದೆ ಅಲ್ಲೇ ನಿಂತೆ. ಅವಳು ಸ್ವಲ್ಪ ಹೊತ್ತಿಗೆ ಅರ್ಥಮಾಡಿಕೊಂಡು, “ಓ, ಇಲ್ಲಿಯದಾ. ಒಳ್ಳೇದಾಯ್ತು, ಕೈಕಾಲು ತೊಳ್ಕೋ” ಎಂದು ಮತ್ತೆ ಅಡಿಕೆಗೆ ಕೈ ಹಾಕಿದಳು. ಆಮೇಲೆ ಅವಳು 9 ವರ್ಷ ಬದುಕಿದ್ದಳು. ಆ ಊರನ್ನು ಕೊನೆಯವರೆಗೂ ‘ಇಲ್ಲಿ’ ಎಂದಳೇ ಹೊರತು ‘ನಮ್ಮೂರು’ ಎನ್ನಲಿಲ್ಲ.

ಅಕ್ಟೋಬರಿನ ಕೊನೆಗೆ ಮಗ ಮತ್ತೆ ಫೋನ್ ಮಾಡಿದ. ಕೆಮ್ಮಿದ, ಹವಾಮಾನ ವಿಚಾರಿಸಿದ. ವಿಷಯ ಗೊತ್ತಾಯಿತು. “ಡಿಸೆಂಬರಿಗೆ ಸಾಗರಕ್ಕೆ ಹೋಗಿ ಇರ್ತೀಯಾ ಅಂತ ಅವಳನ್ನೇ ಕೇಳಿದೆ ಅಪ್ಪಾ. ‘ನಾವು ಒಂಬತ್ತು ಜನ ಇರೋದು. ನಾನು ಹೋದ್ರೆ ಎಂಟೇ ಆಗ್ತಾರೆ, ಮತ್ತೆ ಮುಂದಿನ ಸಲಕ್ಕೆ ಯಾರು ಕೀಪರ್?’ ಅಂತ ಕೇಳ್ತಾಳೆ. ಬೇಸಿಗೆ ರಜೆಗೆ ಬರ್ತೀವಿ, ಒಂದು ತಿಂಗಳು.”

“ಆಯ್ತು, ಅವಳು ಹೇಳಿದ್ದು ಸರಿಯಾಗೇ ಇದೆ” ಎಂದು ನಾನು ಫೋನಿಟ್ಟೆ. ಸರಿಯಾಗೇ ಇದ್ದರೂ ಆ ರಾತ್ರಿ ನಮ್ಮಿಬ್ಬರಿಗೂ ಊಟ ಸೇರಲಿಲ್ಲ. ಬೆಳಗ್ಗೆ ನೋಡುತ್ತೇನೆ, ಶಾಲೆಯ ಅಪ್ಲಿಕೇಶನ್ ಫಾರಂ ಹಪ್ಪಳದ ಡಬ್ಬದ ತಳದಲ್ಲಿ ಹಾಸಿದೆ. ಗೋರಂಟಿ ಬಣ್ಣದ ಮಂಚದ ಮೇಲೆ ಸದ್ಯಕ್ಕೆ ನಾನು ಹಳೇ ಪತ್ರಿಕೆಗಳನ್ನು ಪೇರಿಸಿದ್ದೇನೆ.

ಹೋದ ಶನಿವಾರ ರಾತ್ರಿ 10.30ಕ್ಕೆ ಆಟ ಎಂದು 10ಕ್ಕೇ ಕನ್ನಡಕ ಒರೆಸಿಕೊಂಡು ಕೂತಿದ್ದೆ. ಫೋನ್ ತಾನಾಗಿ ಬಂತು. ಪುಟ್ಟಿ.

“ಅಜ್ಜಾ, ಇವತ್ತು ಮ್ಯಾಚ್ ಕ್ಯಾನ್ಸಲ್. ನಮ್ಮೂರಲ್ಲಿ ಮಳೆ!”

ನಾನು ಕಿಟಕಿಯ ಹೊರಗೆ ನೋಡಿದೆ. ಅಂಗಳದ ಮೇಲೆ ನಕ್ಷತ್ರಗಳು ಕಡಲೆ ಚೆಲ್ಲಿದ ಹಾಗೆ. ಮಳೆಯೇ, ಇಲ್ಲಿ ಅಡಿಕೆ ಒಣಹಾಕಿದ್ದೇವಲ್ಲ ಎಂದು ಒಂದು ಕ್ಷಣ ಎದೆ ಝಲ್ಲೆಂದಿತು. ಆಮೇಲೆ ತಿಳಿಯಿತು. “ಯಾವ ಊರಲ್ಲಿ?” ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು, ಅವಳಿಗೆ ನಮ್ಮಜ್ಜಿಯ ಕಥೆ ಗೊತ್ತು.

“ಜೋರಾ?” ಅಂದೆ.

“ಜೋರು ಅಂದ್ರೆ ಜೋರು ಅಜ್ಜಾ! ಮೈದಾನ ಎಲ್ಲ ಕೆಸರು. ನಾವು ಆಡ್ತೀವಿ ಅಂದ್ರೂ ಬಿಡಲ್ಲ. ನಮ್ಮ ಟೀಮಿನ ಹುಡುಗಿ ಮನೆಗೆ ಹೋಗ್ತಾ ಇದ್ದೀನಿ, ಅವಳ ನಾಯಿ ಇದ್ಯಲ್ಲ, ಅದಕ್ಕೆ ಮಳೆ ಅಂದ್ರೆ ಹೆದರಿಕೆ, ಮೊನ್ನೆ ಏನಾಯ್ತು ಗೊತ್ತಾ…”

ಫೋನ್ ಇಟ್ಟಾಗ ಗಂಟೆ 11.10.